ಹತ್ತು ಜನಕ್ಕೆ ಒಂದೇ ಕಿಲ್ನ್: ಕುಂಬಾರಿಕೆ ಸ್ಟುಡಿಯೋ, ಮುಂದೊಂದು ಅಂಗಡಿ

ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಈಗ ಹಂಚಿಕೊಂಡು ನಡೆಸುವ ಕುಂಬಾರಿಕೆ ಸ್ಟುಡಿಯೋಗಳು ಕಾಣಸಿಗುತ್ತವೆ. ರಸ್ತೆ ಕಡೆಗೆ ಸಣ್ಣ ಅಂಗಡಿ, ಒಳಗೆ ನಾಲ್ಕೈದು ವೀಲು (ತಿಗರಿ), ಹಿಂದಿನ ಕೋಣೆಯಲ್ಲಿ ಕರೆಂಟಿನ ಕಿಲ್ನ್, ಅಂದರೆ ಪಾತ್ರೆ ಸುಡುವ ಗೂಡು. ನೋಡಲು ಬಂದವರು ಫೋಟೋ ತೆಗೆಯುವುದು ವೀಲಿನದು. ಆದರೆ ವೀಲನ್ನು ಮನೆಯ ಬಾಲ್ಕನಿಯಲ್ಲೂ ಇಟ್ಟುಕೊಳ್ಳಬಹುದು. ಹತ್ತು ಜನ ಒಂದು ಸೂರಿನಡಿ ಬಂದು ಕೂರುವುದಕ್ಕೆ ಕಾರಣ ಕಿಲ್ನ್. ಅದರ ಬೆಲೆ ಜಾಸ್ತಿ, ಅದಕ್ಕೆ ತ್ರೀ ಫೇಸ್ ಬೇಕು, ಒಬ್ಬರು ವಾರವಿಡೀ ಮಾಡಿದ್ದರಿಂದ ಅದು ತುಂಬುವುದೂ ಇಲ್ಲ. ಹಂಚಿಕೊಳ್ಳದೆ ವಿಧಿಯಿಲ್ಲ. ಹಂಚಿಕೊಂಡ ಮೇಲೆ ಒಬ್ಬರ ಅವಸರ ಪಕ್ಕದವರ ಪಾತ್ರೆಗೆ ತಟ್ಟುತ್ತದೆ. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಅನ್ನುವ ಗಾದೆ ಇಲ್ಲಿ ಹೊರಗಿನ ದೊಣ್ಣೆಗಲ್ಲ, ಒಳಗಿನ ಹಸಿ ಮಣ್ಣಿಗೆ ಅನ್ವಯಿಸುತ್ತದೆ. ಗೋಡೆಗೆ ಬಳಿದ ಬಣ್ಣ, ತೂಗುಹಾಕಿದ ಗಿಡ, ವಾಟ್ಸಾಪ್ ಗ್ರೂಪು ಇವೆಲ್ಲ ಇರಲಿ. ಇಂಥ ಜಾಗದಲ್ಲಿ ಜನ ವರ್ಷಗಟ್ಟಲೆ ಒಟ್ಟಿಗೆ ಉಳಿಯುತ್ತಾರೋ ಇಲ್ಲವೋ ಅನ್ನುವುದು ಕಿಲ್ನ್ ಸುತ್ತಲಿನ ನಿಯಮಗಳ ಮೇಲೆ ನಿಂತಿದೆ. ಶುರು ಮಾಡಬೇಕೆಂದಿರುವವರಿಗೂ, ಈಗಾಗಲೇ ಸದಸ್ಯರಾಗಿದ್ದು ‘ಇಷ್ಟೊಂದು ರೂಲ್ಸ್ ಯಾಕೆ’ ಎಂದು ಗೊಣಗುವವರಿಗೂ ಈ ಬರಹ.

ಮೊದಲು ಕರೆಂಟು

ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ ನೋಡಬೇಕಾದ್ದು ಕಿಟಕಿ ಬಾಗಿಲನ್ನಲ್ಲ, ಮೀಟರ್ ಬೋರ್ಡನ್ನು. ಸದಸ್ಯರು ಹಂಚಿಕೊಳ್ಳುವ ಸ್ಟುಡಿಯೋಗೆ 100 ಲೀಟರ್ ಆಸುಪಾಸಿನ ಕಿಲ್ನ್ ಸಾಕು. ಅದು ಸುಮಾರು 9 ಕಿಲೋವ್ಯಾಟ್ ಎಳೆಯುತ್ತದೆ. ಸಿಂಗಲ್ ಫೇಸ್‌ನಲ್ಲಾದರೆ ಹತ್ತಿರ ಹತ್ತಿರ 39 ಆಂಪಿಯರ್, ತ್ರೀ ಫೇಸ್‌ನಲ್ಲಿ ಹಂಚಿದರೆ ಫೇಸ್‌ಗೆ ಸುಮಾರು 13 ಆಂಪಿಯರ್. ಮನೆಯ ವೈರಿಂಗ್ ಮೊದಲನೆಯದನ್ನು ತಾಳುವುದಿಲ್ಲ. ಬೆಸ್ಕಾಂ, ಚೆಸ್ಕಾಂ ಯಾವುದೇ ಇರಲಿ, ಮಂಜೂರಾದ ಲೋಡ್ ಎಷ್ಟಿದೆ, ಅದನ್ನು ಹೆಚ್ಚಿಸಲು ಕಟ್ಟಡದ ಮಾಲೀಕರು ಸಹಿ ಹಾಕುತ್ತಾರಾ ಎಂದು ಮೊದಲೇ ಕೇಳಿಕೊಳ್ಳಿ. ಕಿಲ್ನ್‌ಗೆ ಬೇರೆಯದೇ ಲೈನು, ಬೇರೆಯದೇ ಎಂಸಿಬಿ, ಸರಿಯಾದ ಅರ್ಥಿಂಗ್ ಇರಲೇಬೇಕು. ಗೋಡೆಯಿಂದ ಕನಿಷ್ಠ ಒಂದೂವರೆ ಅಡಿ ದೂರ ಇಡಿ. ಹೊಗೆ ಹೊರಹೋಗಲು ಎಕ್ಸಾಸ್ಟ್ ಫ್ಯಾನ್ ಹಾಕಿಸಿ.

ವೋಲ್ಟೇಜ್ ವಿಷಯವನ್ನು ಹೊಸಬರು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಕಿಲ್ನ್ ಕಾಯಿಸುವ ತಂತಿಸುರುಳಿ, ಅಂದರೆ ಕಾಯಿಲ್, ಕೊಡುವ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. 230 ಇರಬೇಕಾದ ಕಡೆ 200 ಬಂದರೆ ಶಾಖ ಕಾಲುಭಾಗದಷ್ಟು ಕುಸಿಯುತ್ತದೆ. ಬೇಸಿಗೆಯ ಸಂಜೆ ಏಳರಿಂದ ಹತ್ತರವರೆಗೆ ಕಿಲ್ನ್ 1180 ಡಿಗ್ರಿಯಲ್ಲಿ ನಿಂತು ಮೇಲೇರಲು ಒದ್ದಾಡುತ್ತಿದ್ದರೆ ಕಾಯಿಲ್ ಹೋಯಿತೆಂದು ಹೆದರುವ ಮೊದಲು ವೋಲ್ಟೇಜ್ ನೋಡಿ. ಪಾತ್ರೆಗೆ ಹಚ್ಚಿದ ಗಾಜಿನಂಥ ಲೇಪವನ್ನು (ಗ್ಲೇಜ್) ಕರಗಿಸುವ ಗ್ಲೇಜ್ ಫೈರಿಂಗ್‌ನ ಕೊನೆಯ ಮೂರು ಗಂಟೆ ರಾತ್ರಿ ಹನ್ನೊಂದರ ಮೇಲೆ ಬೀಳುವಂತೆ ಟೈಮರ್ ಇಟ್ಟರೆ ಈ ತಾಪತ್ರಯ ಬಹುಪಾಲು ತಪ್ಪುತ್ತದೆ. ಕಂಟ್ರೋಲರ್ ಕೊಳ್ಳುವಾಗ ಕರೆಂಟ್ ಹೋಗಿ ಬಂದರೆ ಬಿಟ್ಟ ಜಾಗದಿಂದಲೇ ಮುಂದುವರಿಸುವ ವ್ಯವಸ್ಥೆ ಇದೆಯೇ ಎಂದು ಕೇಳಿ. ಬಿಸ್ಕ್ (ಗ್ಲೇಜ್ ಹಚ್ಚುವ ಮುಂಚಿನ ಮೊದಲ ಸುಡುವಿಕೆ) ಮಧ್ಯೆ ಕರೆಂಟ್ ಹೋದರೆ ಚಿಂತೆಯಿಲ್ಲ, ಬಂದಾಗ ಮುಂದುವರಿಸಿದರಾಯಿತು. ಗ್ಲೇಜ್ ತುದಿಯಲ್ಲಿ ಹೋದರೆ ಸಾಮಾನ್ಯವಾಗಿ ಅಷ್ಟನ್ನೂ ಇನ್ನೊಮ್ಮೆ ಸುಡಬೇಕಾಗುತ್ತದೆ.

ಒಂದು ಸ್ಟುಡಿಯೋ, ಒಂದೇ ಮಣ್ಣು

ಸದಸ್ಯರಿಗೆ ಅತಿ ಕಿರಿಕಿರಿ ಅನ್ನಿಸುವ ನಿಯಮ ಇದು: ಹೊರಗಿನ ಮಣ್ಣು ತರುವ ಹಾಗಿಲ್ಲ. ಇದರ ಹಿಂದೆ ವ್ಯಾಪಾರದ ಲೆಕ್ಕ ಇದ್ದರೂ ಅದು ಚಿಕ್ಕದು, ರಸಾಯನದ ಲೆಕ್ಕವೇ ದೊಡ್ಡದು. ನಮ್ಮ ಕಡೆಯ ಕೆರೆಮಣ್ಣು, ಹೂಜಿ ಹಣತೆಗೆ ಬಳಸುವ ಕೆಂಪು ಜೇಡಿ, 900ರಿಂದ 1000 ಡಿಗ್ರಿಯೊಳಗೆ ಸುಡಲು ಹೇಳಿಮಾಡಿಸಿದ್ದು. ಹೆಚ್ಚು ಶಾಖದಲ್ಲಿ ಕಲ್ಲಿನಂತೆ ಗಟ್ಟಿಯಾಗುವ ಸ್ಟೋನ್‌ವೇರ್ ಮಣ್ಣನ್ನು 1220 ಡಿಗ್ರಿವರೆಗೆ ಒಯ್ಯುತ್ತೇವೆ. ಆ ಶಾಖದಲ್ಲಿ ಕಬ್ಬಿಣದಂಶ ಹೆಚ್ಚಿರುವ ಕೆರೆಮಣ್ಣು ಊದಿಕೊಳ್ಳುತ್ತದೆ, ಕುಸಿಯುತ್ತದೆ, ಕೆಲವೊಮ್ಮೆ ಕರಗಿ ಕೆಳಗಿನ ಶೆಲ್ಫಿಗೆ ಹರಿದು ಗಾಜಿನ ಹಾಗೆ ಅಂಟಿಕೊಳ್ಳುತ್ತದೆ. ಒಂದು ಹಿಡಿಯಷ್ಟು ಕೆಂಪು ಮಣ್ಣು ರೀಸೈಕಲ್ ಬಕೆಟ್ಟಿಗೆ ಬಿದ್ದರೂ ಆ ಇಡೀ ಬಕೆಟ್ಟನ್ನು ನಂಬುವ ಹಾಗಿಲ್ಲ. ಕೆಂಪು ಮಣ್ಣಿನ ಕೆಲಸ ಬೇಕೇ ಬೇಕೆಂದರೆ ಅದಕ್ಕೆ ಬೇರೆ ಮೇಜು, ಬೇರೆ ಬಣ್ಣದ ಬಕೆಟ್, ಬೇರೆ ಸ್ಪಂಜು ಇಡಿ. ಬೇರೆ ಫೈರಿಂಗ್ ಅಂತೂ ಬೇಕೇ ಬೇಕು.

ಉಳಿದ ಮಣ್ಣನ್ನು ಮತ್ತೆ ಹದಕ್ಕೆ ತರುವುದು ಎಲ್ಲರ ಕೆಲಸ, ಹಾಗಾಗಿ ಯಾರ ಕೆಲಸವೂ ಅಲ್ಲ ಅನ್ನುವಂತಾಗುತ್ತದೆ. ಸದಸ್ಯರಲ್ಲಿ ತಿಂಗಳಿಗೊಬ್ಬರ ಪಾಳಿ ಹಚ್ಚುವುದೇ ವಾಸಿ. ಚೂರುಗಳನ್ನು ಪೂರ್ತಿ ಒಣಗಿಸಿ ಆಮೇಲೆ ನೀರಿಗೆ ಹಾಕಿ. ಅರೆಒಣ ಉಂಡೆ ನೀರಲ್ಲಿ ವಾರವಾದರೂ ಕರಗದೆ ಕೂರುತ್ತದೆ, ಪೂರ್ತಿ ಒಣಗಿದ್ದು ಗಂಟೆಯೊಳಗೆ ಪುಡಿಪುಡಿಯಾಗಿ ಕುಸಿಯುತ್ತದೆ. ಎರಡು ದಿನ ಬಿಟ್ಟು ಮೇಲಿನ ತಿಳಿನೀರು ಬಸಿದು, ಗಂಜಿಯಷ್ಟು ಗಟ್ಟಿಯಾದದ್ದನ್ನು ಪ್ಲಾಸ್ಟರ್ ಹಲಗೆಯ ಮೇಲೆ ಎರಡು ಇಂಚು ದಪ್ಪಕ್ಕೆ ಹರಡಿ. ಹಲಗೆ ನೀರು ಹೀರಿ ಮಣ್ಣು ಕೈಗೆ ಅಂಟದೆ ಸುರುಳಿ ಸುತ್ತಿಕೊಂಡು ಬಂದರೆ ಹದ ಬಂದಂತೆ. ಕಬ್ಬಿಣದ ಉಜ್ಜುಗೋಲಿನಿಂದ ಹಲಗೆಯನ್ನು ಕೆರೆಯಬಾರದು. ಪ್ಲಾಸ್ಟರಿನ ಅಕ್ಕಿಕಾಳಿನಷ್ಟು ಚೂರು ಮಣ್ಣಿಗೆ ಸೇರಿದರೂ ಸುಟ್ಟಮೇಲೆ ಅದು ಸುಣ್ಣವಾಗಿ, ಗಾಳಿಯ ತೇವ ಕುಡಿದು ಉಬ್ಬಿ, ಮಾರಿದ ಎರಡು ವಾರದ ಬಳಿಕ ಗಿರಾಕಿಯ ಮನೆಯಲ್ಲಿ ಬಟ್ಟಲಿನ ಪಕ್ಕೆಯಿಂದ ಚಕ್ಕೆ ಎದ್ದುಬರುತ್ತದೆ.

ಸಿಂಕಿನ ಕೆಳಗೆ ಮೂರು ಬಕೆಟ್‌ಗಳ ಮಡ್ಡಿ ತೊಟ್ಟಿ ಕಟ್ಟಿ. ಒಂದರ ನೀರು ತುಂಬಿ ಮುಂದಿನದಕ್ಕೆ ಹರಿಯುವಂತಿದ್ದು, ಮೂರನೆಯದರ ತಿಳಿನೀರು ಮಾತ್ರ ಚರಂಡಿಗೆ ಹೋಗಬೇಕು. ಇದು ಇಲ್ಲದ ಸ್ಟುಡಿಯೋದಲ್ಲಿ ಪೈಪು ಕಟ್ಟಿಕೊಂಡು ಕೆಳಮನೆಯವರ ಜೊತೆ ಜಗಳ ಗ್ಯಾರಂಟಿ.

ಒಣಗಿಸುವುದು ಮತ್ತು ತುಂಬುವುದು

ಹೊಸಬರ ಮಗ್ಗು ಬಿರುಕು ಬಿಡುವ ಜಾಗ ಮೂರು. ತಳದಲ್ಲಿ ಎಸ್ ಆಕಾರದ ಸೀಳು ಬಂದರೆ, ವೀಲಿನ ಮೇಲೆ ತಳವನ್ನು ಬೆರಳಿನಿಂದ ಒತ್ತಿ ಗಟ್ಟಿ ಮಾಡಿಲ್ಲ, ಅಥವಾ ಒಳಗೆ ನಿಂತ ನೀರನ್ನು ಸ್ಪಂಜಿನಿಂದ ತೆಗೆದಿಲ್ಲ ಎಂದರ್ಥ. ಹಿಡಿಯ ಬುಡದಲ್ಲಿ ಬಂದರೆ, ಗಟ್ಟಿಯಾಗಿದ್ದ ಮಗ್ಗಿಗೆ ಹಸಿ ಹಿಡಿ ಅಂಟಿಸಿದ್ದಾರೆ. ಒಣಗುವಾಗ ಹಿಡಿ ಹೆಚ್ಚು ಕುಗ್ಗಿ ಕಿತ್ತುಕೊಂಡಿದೆ. ಎರಡೂ ಒಂದೇ ಹದದಲ್ಲಿದ್ದಾಗ ಗೀರು ಹಾಕಿ, ಅದೇ ಮಣ್ಣನ್ನು ನೀರಲ್ಲಿ ಕಲಸಿದ ಸ್ಲಿಪ್ ಹಚ್ಚಿ, ಒತ್ತಿ, ಒಂದು ದಿನ ಪ್ಲಾಸ್ಟಿಕ್ ಮುಚ್ಚಿಟ್ಟರೆ ತೇವ ಸಮನಾಗುತ್ತದೆ. ಬಾಯಂಚಿನಲ್ಲಿ ಸೀಳಿದರೆ ಫ್ಯಾನಿನ ಗಾಳಿ ಬಡಿದಿದೆ. ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಿ ಅರ್ಧ ದಿನಕ್ಕೇ ಅಂಚು ಬಿಳಿಚಿಕೊಳ್ಳುವುದರಿಂದ ಮುಚ್ಚಿ ಒಣಗಿಸಬೇಕು. ಮಲೆನಾಡು, ಕರಾವಳಿಯ ಜುಲೈನಲ್ಲಿ ಎರಡು ವಾರವಾದರೂ ಒಳಗಿನ ತೇವ ಹೋಗುವುದಿಲ್ಲ. ‘ಮಾಡಿದ ಏಳನೇ ದಿನ ಕಿಲ್ನ್‌ಗೆ’ ಎಂಬ ನಿಯಮವನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ನಕಲು ಮಾಡಬೇಡಿ. ದಿನ ಎಣಿಸುವ ಬದಲು ಪಾತ್ರೆಯ ತಳವನ್ನು ಕೆನ್ನೆಗೆ ಮುಟ್ಟಿಸಿ ನೋಡಿ. ತಣ್ಣಗನ್ನಿಸಿದರೆ ಇನ್ನೂ ನೀರಿದೆ.

ಕಿಲ್ನ್‌ನಲ್ಲಿ ಪಾತ್ರೆ ಸಿಡಿಯುವುದು ಗಾಳಿಯ ಗುಳ್ಳೆಯಿಂದ ಅನ್ನುವ ಮಾತು ತರಗತಿಗಳಲ್ಲಿ ಚೆನ್ನಾಗಿ ಓಡಾಡುತ್ತದೆ. ಸಿಡಿಸುವುದು ನೀರು. 100 ಡಿಗ್ರಿ ದಾಟುವಾಗ ಒಳಗಿನ ತೇವ ಆವಿಯಾಗಿ, ಹೊರಬರಲು ದಾರಿ ಸಿಗದೆ ಗೋಡೆಯನ್ನೇ ಒಡೆಯುತ್ತದೆ. ಪೂರ್ತಿ ಒಣಗಿದ ಪಾತ್ರೆಯಲ್ಲಿ ಗುಳ್ಳೆ ಇದ್ದರೂ ಸಿಡಿಯುವುದಿಲ್ಲ. ಸಿಡಿದರೆ ಚೂರು ಪಕ್ಕದ ಹತ್ತು ಪಾತ್ರೆಗೂ ತಾಗುತ್ತದೆ, ಕಾಯಿಲ್ ಕೂರುವ ತೋಡಿನೊಳಗೆ ಬಿದ್ದು ಮುಂದಿನ ಫೈರಿಂಗ್‌ನಲ್ಲಿ ಕಾಯಿಲನ್ನೂ ತಿನ್ನುತ್ತದೆ. ಹಾಗಾಗಿ ಕಿಲ್ನ್ ತುಂಬುವವರು ಒಬ್ಬರೇ ಅಥವಾ ಇಬ್ಬರೇ ಆಗಿರಬೇಕು, ‘ಇದು ಈ ಸಲ ಬೇಡ’ ಎಂದು ತೆಗೆದಿಡುವ ಅಧಿಕಾರ ಅವರಿಗಿರಬೇಕು. ಅದನ್ನು ಪ್ರಶ್ನಿಸುವ ಹಾಗಿಲ್ಲ ಎಂದು ಸದಸ್ಯತ್ವದ ಕಾಗದದಲ್ಲೇ ಬರೆದಿಡಿ. ಪಾತ್ರೆಯ ಗೋಡೆ 5ರಿಂದ 6 ಮಿಲಿಮೀಟರ್ ಇರಲಿ, ತಳ 8 ದಾಟದಿರಲಿ. ಒಂದಿಂಚು ದಪ್ಪದ ಗೊಂಬೆಗಳನ್ನು ಒಳಗಿನಿಂದ ಟೊಳ್ಳು ಮಾಡಿ ತೂತಿಟ್ಟರೆ ಮಾತ್ರ ಒಳಗೆ.

ಬಿಸ್ಕ್ ಫೈರಿಂಗ್‌ಗೆ ಕೈಗೂಡುವ ಕ್ರಮ ಹೀಗಿದೆ. ಗಂಟೆಗೆ 60 ಡಿಗ್ರಿಯಂತೆ 95ರವರೆಗೆ ಏರಿಸಿ, ಅಲ್ಲಿ ಎರಡು ಗಂಟೆ ನಿಲ್ಲಿಸಿ. ಮಳೆಗಾಲವಾದರೆ ನಾಲ್ಕು ಗಂಟೆ. ಆಮೇಲೆ ಗಂಟೆಗೆ 100ರಂತೆ 600ರವರೆಗೆ. ಈ ನಡುವೆ ಮಣ್ಣಿನ ಕಣದೊಳಗೇ ಬೆಸೆದುಕೊಂಡ ನೀರು ಹೊರಬರುತ್ತದೆ, 573ರಲ್ಲಿ ಕ್ವಾರ್ಟ್ಸ್ ತಟ್ಟನೆ ಹಿಗ್ಗುತ್ತದೆ. ಅವಸರ ಮಾಡಿದರೆ ಕೂದಲೆಳೆಯ ಬಿರುಕು ಇಲ್ಲೇ ಹುಟ್ಟುವುದು. 600 ದಾಟಿದ ಮೇಲೆ ಗಂಟೆಗೆ 150ರಂತೆ 1000ಕ್ಕೆ ಒಯ್ದು ಹದಿನೈದು ನಿಮಿಷ ಹಿಡಿಯಿರಿ. ಮುಚ್ಚಳದ ಹೊಗೆತೂತನ್ನು 700ರವರೆಗೆ ತೆರೆದಿಡಿ, ಇಲ್ಲದಿದ್ದರೆ ಸಾವಯವ ಅಂಶ ಸುಡದೆ ಉಳಿದು ಮುಂದೆ ಗ್ಲೇಜಿನಲ್ಲಿ ಸೂಜಿತೂತುಗಳಾಗಿ ತೋರುತ್ತದೆ. ಇಳಿಯುವಾಗಲೂ ಆತುರ ಬೇಡ. 100ರ ಕೆಳಗೆ ಬರುವವರೆಗೆ ಮುಚ್ಚಳ ಎತ್ತುವಂತಿಲ್ಲ. ‘ಸ್ವಲ್ಪ ಇಣುಕಿ ನೋಡ್ತೀನಿ’ ಅನ್ನುವವರಿಂದ ಕಾಪಾಡಲು ಕಿಲ್ನ್ ಕೋಣೆಗೆ ಬೀಗ ಹಾಕುವುದೇ ಸರಳ.

ಗ್ಲೇಜ್

ಬಿಸ್ಕ್‌ನಲ್ಲಿ ಪಾತ್ರೆಗಳನ್ನು ಒಂದರೊಳಗೊಂದು ಇಡಬಹುದು, ಬಾಯಿಗೆ ಬಾಯಿ ಜೋಡಿಸಬಹುದು. ಗ್ಲೇಜ್ ಫೈರಿಂಗ್‌ನಲ್ಲಿ ಒಂದಕ್ಕೊಂದು ತಾಗಿದರೆ ಎರಡೂ ಬೆಸೆದು ಒಂದೇ ಆಗುತ್ತವೆ. ನಡುವೆ ಕಿರುಬೆರಳಿನ ತುದಿ ಹಿಡಿಸುವಷ್ಟು ಸಂದು ಬಿಡಿ. ತಳಕ್ಕೆ ಗ್ಲೇಜ್ ತಾಗಬಾರದು. ತಳದಿಂದ 3 ಮಿಲಿಮೀಟರ್ ಮೇಲಿನವರೆಗೆ ಒದ್ದೆ ಸ್ಪಂಜಿನಿಂದ ಒರೆಸಬೇಕು, ಹರಿಯುವ ಗ್ಲೇಜಾದರೆ ಒಂದು ಸೆಂಟಿಮೀಟರ್. ಶೆಲ್ಫುಗಳಿಗೆ ಅಲ್ಯೂಮಿನಾ ಹೈಡ್ರೇಟ್ ಮತ್ತು ಚೀನಾ ಮಣ್ಣನ್ನು ಸಮಸಮ ತೂಗಿ ನೀರಲ್ಲಿ ಕಲಸಿ ಬಳಿದಿಟ್ಟರೆ ಬಿದ್ದ ಹನಿ ಎದ್ದುಬರುತ್ತದೆ. ಹೊಸ ಗ್ಲೇಜು, ಒಂದರ ಮೇಲೊಂದು ಹಚ್ಚಿದ ಗ್ಲೇಜು, ‘ಏನಾಗುತ್ತೋ ನೋಡೋಣ’ ಅನ್ನುವ ಗ್ಲೇಜು, ಇವೆಲ್ಲದರ ಕೆಳಗೆ ಮಣ್ಣಿನ ಬಿಲ್ಲೆ ಕಡ್ಡಾಯ. ಬಿಲ್ಲೆ ಇಡದೆ ಶೆಲ್ಫ್ ಹಾಳಾದರೆ ಶೆಲ್ಫಿನ ಬೆಲೆ ಆ ಸದಸ್ಯರದು. ಈ ಒಂದು ಸಾಲು ಮೊದಲೇ ಬರೆದಿಟ್ಟರೆ ಮುಂದೆ ಮುಖ ಕೆಡಿಸಿಕೊಳ್ಳುವುದು ತಪ್ಪುತ್ತದೆ.

ಬಕೆಟ್ಟಿನ ಗ್ಲೇಜ್ ಇಂದು ಚೆನ್ನಾಗಿ ಬಂದು ಮುಂದಿನ ವಾರ ಕೆಟ್ಟರೆ ಹತ್ತರಲ್ಲಿ ಒಂಬತ್ತು ಸಲ ಕಾರಣ ನೀರು. ಯಾರೋ ಗಟ್ಟಿಯಾಯಿತೆಂದು ಒಂದು ಚೊಂಬು ಸುರಿದಿರುತ್ತಾರೆ. ಅಳತೆ ಸುಲಭ: ಕಲಕಿದ ಗ್ಲೇಜನ್ನು ಸರಿಯಾಗಿ 100 ಮಿಲಿಲೀಟರ್ ತೆಗೆದು ತೂಗಿ. ಅದ್ದಿ ತೆಗೆಯುವ ಬಹುತೇಕ ಗ್ಲೇಜ್‌ಗಳಿಗೆ 145 ಗ್ರಾಂ ಆಸುಪಾಸು ಸರಿ. 135 ಬಂದರೆ ತೆಳು, 155 ಬಂದರೆ ದಪ್ಪ. ಪ್ರತಿ ಬಕೆಟ್ಟಿನ ಮುಚ್ಚಳದ ಮೇಲೆ ಅದರ ತೂಕ, ಎಷ್ಟು ಸೆಕೆಂಡ್ ಅದ್ದಬೇಕು ಎಂದು ಬರೆದಿಡಿ. ಸಾಮಾನ್ಯವಾಗಿ ಮೂರು ಸೆಕೆಂಡ್. ಕಲಸುವಾಗ 80 ಮೆಶ್ ಜರಡಿಯಲ್ಲಿ ಎರಡು ಸಲ ಸೋಸಿ. ಬಿಸ್ಕ್ ಪಾತ್ರೆಯ ಮೇಲೆ ಧೂಳು ಅಥವಾ ಎಣ್ಣೆಗೈ ತಾಗಿದ್ದರೆ ಗ್ಲೇಜ್ ಅಲ್ಲಿ ಹಿಂದೆ ಸರಿದು ಮಣ್ಣು ಬೋಳಾಗಿ ಉಳಿಯುತ್ತದೆ. ಮಧ್ಯಾಹ್ನ ಬೋಂಡಾ ತಿಂದ ಕೈಯಲ್ಲಿ ಗ್ಲೇಜಿಂಗ್‌ಗೆ ಕೂರಬೇಡಿ ಅನ್ನುವುದು ತಮಾಷೆಯ ಮಾತಲ್ಲ.

1220 ಎಂದು ಮೀಟರ್ ತೋರಿಸಿದರೆ ಅಲ್ಲಿಗೆ ಮುಗಿಯಲಿಲ್ಲ. ಗ್ಲೇಜ್ ಕರಗುವುದು ಶಾಖ ಎಷ್ಟು ಎಂಬುದರ ಜೊತೆಗೆ ಎಷ್ಟು ಹೊತ್ತು ಎಂಬುದರ ಮೇಲೂ ನಿಂತಿದೆ. ಅದನ್ನು ಹೇಳುವುದು ಕೋನ್, ಅಂದರೆ ತಕ್ಕ ಶಾಖ ತಗುಲಿದಾಗ ಮೆತ್ತಗಾಗಿ ಬಾಗುವ ಸಣ್ಣ ಚೂಪು ಕಡ್ಡಿ. ಕೋನ್ 6ನ್ನು ಕೆಳಗಿನ ಶೆಲ್ಫಿನಲ್ಲೊಂದು, ಮೇಲಿನದರಲ್ಲೊಂದು ಇಟ್ಟು, ಸುಟ್ಟಮೇಲೆ ಎರಡೂ ಎಷ್ಟು ಬಾಗಿವೆ ಎಂದು ಕಿಲ್ನ್ ಪುಸ್ತಕದಲ್ಲಿ ಬರೆಯಿರಿ. ಕೆಳಗಿನದು ನೆಟ್ಟಗೆ ನಿಂತು ಮೇಲಿನದು ತಲೆಬಾಗಿದ್ದರೆ ಕಿಲ್ನ್‌ನ ತಳ ತಣ್ಣಗಿದೆ. ಬೇಗ ಕರಗುವ ಗ್ಲೇಜ್‌ಗಳು ಅಲ್ಲಿಗೆ ಹೋಗಲಿ. ಟೆಸ್ಟ್ ಬಿಲ್ಲೆಗಳನ್ನು ಗೋಡೆಗೆ ಮೊಳೆ ಹೊಡೆದು ಸಾಲಾಗಿ ನೇತುಹಾಕಿ, ಹಿಂದೆ ಗ್ಲೇಜಿನ ಹೆಸರು, ದಿನಾಂಕ, ಶೆಲ್ಫ್ ಗುರುತಿಸಿ. ಸದಸ್ಯರು ಪರಸ್ಪರ ಮಾತಿಗೆ ಶುರುವಿಡುವ ಜಾಗ ಆ ಗೋಡೆ. ‘ಇದು ನಿಮ್ಮದಾ? ಯಾವ ಬಕೆಟ್?’ ಅನ್ನುವಲ್ಲಿಂದ ಪರಿಚಯ ಬೆಳೆಯುತ್ತದೆ. ಗ್ಲೇಜ್ ಲೆಕ್ಕವನ್ನು ಗುಟ್ಟಾಗಿಡುವವರು ಹಂಚಿಕೊಂಡ ಸ್ಟುಡಿಯೋಗೆ ಬರದಿರುವುದೇ ಮೇಲು ಅನ್ನುವುದು ನಮ್ಮ ಖಡಕ್ ಅಭಿಪ್ರಾಯ.

ಊಟದ ಪಾತ್ರೆ ಮಾರುವವರಿಗೆ ಇನ್ನೆರಡು ಪರೀಕ್ಷೆಗಳು. ನಮ್ಮ ಅಡುಗೆಯಲ್ಲಿ ಹುಣಸೆಹುಳಿ ಇಲ್ಲದ ದಿನವಿಲ್ಲ. ಹಾಗಾಗಿ ಬಟ್ಟಲಿಗೆ ವಿನೆಗರ್ ಹಾಕಿ ಒಂದು ದಿನ ಬಿಡಿ. ತೊಳೆದಾಗ ಬಣ್ಣ ಮಾಸಿದ್ದರೆ ಅಥವಾ ಹೊಳಪು ಕುಂದಿದ್ದರೆ ಆ ಗ್ಲೇಜ್ ಸಾರು ಹುಳಿಗೆ ಆಗದು. ಬಣ್ಣ ಉಳಿದರೂ ಸೀಸ ಇಲ್ಲವೆಂದು ಇದರಿಂದ ಸಾಬೀತಾಗುವುದಿಲ್ಲ. ಅದಕ್ಕೆ ಲ್ಯಾಬ್ ವರದಿಯೇ ಬೇಕು, ಸೀಸವಿರುವ ಫ್ರಿಟ್ (ಗ್ಲೇಜಿಗೆ ಬೆರೆಸುವ ಗಾಜಿನ ಪುಡಿ) ಅನ್ನು ಸ್ಟುಡಿಯೋದೊಳಗೆ ತರದಿರುವುದೇ ಸರಿಯಾದ ದಾರಿ. ಎರಡನೆಯದು ನೀರು ಹೀರುವಿಕೆ. ಗ್ಲೇಜ್ ಇಲ್ಲದ, ಪೂರ್ತಿ ಸುಟ್ಟ ತುಂಡನ್ನು ತೂಗಿ, ಎರಡು ಗಂಟೆ ಕುದಿಸಿ, ಅದೇ ನೀರಲ್ಲಿ ಒಂದು ದಿನ ಬಿಟ್ಟು, ಒರೆಸಿ ಮತ್ತೆ ತೂಗಿ. 400 ಗ್ರಾಂ ಇದ್ದದ್ದು 406 ಆದರೆ ಒಂದೂವರೆ ಶೇಕಡಾ, ಅಡ್ಡಿಯಿಲ್ಲ. 416 ಆದರೆ ನಾಲ್ಕು ಶೇಕಡಾ. ಅಂಥ ಮಣ್ಣಿನ ಮೇಲಿನ ಗ್ಲೇಜಿನಲ್ಲಿ ಬಲೆಬಲೆ ಬಿರುಕು ಬಂದರೆ ಪಾತ್ರೆ ಒಸರುತ್ತದೆ, ಸಾಂಬಾರಿನ ವಾಸನೆ ಹೋಗುವುದಿಲ್ಲ. ಅದಕ್ಕೆ ಹೂಕುಂಡವಾಗುವ ಯೋಗ.

ಗಾತ್ರದ ಲೆಕ್ಕವನ್ನೂ ಇಲ್ಲೇ ಹೇಳಿಬಿಡಬೇಕು. ಹಸಿಯಿಂದ ಸುಟ್ಟ ಸ್ಥಿತಿಗೆ ಮಣ್ಣು 12 ಶೇಕಡಾ ಕುಗ್ಗುತ್ತದೆ ಅಂದರೆ 10 ಸೆಂಟಿಮೀಟರ್ ಎತ್ತರ 8.8 ಆಗುತ್ತದೆ. ಅದು ಎತ್ತರದ ಮಾತು. ಒಳಗೆ ಹಿಡಿಸುವುದು ಮೂರೂ ದಿಕ್ಕಿನಲ್ಲಿ ಕುಗ್ಗಿ 68 ಶೇಕಡಾಕ್ಕೆ ಇಳಿಯುತ್ತದೆ. 150 ಮಿಲಿಲೀಟರ್ ಫಿಲ್ಟರ್ ಕಾಫಿ ಲೋಟ ಬೇಕಾದರೆ ವೀಲಿನ ಮೇಲೆ 220 ಹಿಡಿಸುವಂತೆ ಎಳೆಯಬೇಕು.

ಧೂಳು

ಒಣ ಪೊರಕೆ ಸ್ಟುಡಿಯೋದೊಳಗೆ ನಿಷಿದ್ಧ. ಮಣ್ಣು ಮತ್ತು ಗ್ಲೇಜಿನ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕಿಳಿದರೆ ವಾಪಸ್ ಬರುವುದಿಲ್ಲ, ವರ್ಷಗಳು ಕಳೆದ ಮೇಲೆ ಸಿಲಿಕೋಸಿಸ್ ಆಗಿ ಕಾಡುತ್ತದೆ. ಒದ್ದೆ ಮಾಪ್, ಒದ್ದೆ ಸ್ಪಂಜು ಮಾತ್ರ. ಗ್ಲೇಜ್ ಪುಡಿ ತೂಗುವಾಗ ಎನ್95 ಮಾಸ್ಕ್. ಬಿಸ್ಕ್ ಪಾತ್ರೆ ಉಜ್ಜಬೇಕಿದ್ದರೆ ನೀರಿನ ಕೆಳಗೆ.

ಅಂಗಡಿಯ ಲೆಕ್ಕ

‘ಒಂದು ಮಗ್ಗಿಗೆ 350 ರೂಪಾಯಿನಾ? ಸಂತೆಯಲ್ಲಿ 80ಕ್ಕೆ ಸಿಗುತ್ತೆ’ ಎಂದು ಕೇಳುವವರಿಗೆ ಕೋಪಿಸಿಕೊಳ್ಳದೆ ಲೆಕ್ಕ ತೋರಿಸಿ. ಮಣ್ಣಿಗೆ ಕೆಜಿಗೆ 40, ಕರೆಂಟಿಗೆ ಯೂನಿಟ್‌ಗೆ 10, ಕೆಲಸಕ್ಕೆ ಗಂಟೆಗೆ 150 ಎಂದು ಹಿಡಿಯೋಣ. ನಿಮ್ಮೂರಿನ ದರ ಹಾಕಿಕೊಂಡು ತಿದ್ದಿಕೊಳ್ಳಿ.

450 ಗ್ರಾಂ ಮಣ್ಣು 18 ರೂಪಾಯಿ. ಬಿಸ್ಕ್‌ಗೆ 11 ಗಂಟೆಯಲ್ಲಿ ಕಾಯಿಲ್ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಹೊತ್ತು ಉರಿದರೆ 45 ಯೂನಿಟ್, 450 ರೂಪಾಯಿ. ಅದಕ್ಕೆ ತುಂಬುವವರ ಕೂಲಿ 300, ಸವೆತ 150 ಸೇರಿ 900. ಅದನ್ನು 60 ಮಗ್ಗಿಗೆ ಹಂಚಿದರೆ ತಲಾ 15. ಗ್ಲೇಜ್ ಫೈರಿಂಗ್‌ನಲ್ಲಿ 9 ಗಂಟೆ, ಮುಕ್ಕಾಲಿಗೆ ಸ್ವಲ್ಪ ಕಡಿಮೆ ಉರಿ, 57 ಯೂನಿಟ್, 570 ರೂಪಾಯಿ. ಕಾಯಿಲ್ ಮತ್ತು ಶೆಲ್ಫ್ ಸವೆತ 430, ಕೂಲಿ 500, ಒಟ್ಟು 1,500. ಮಗ್ಗು ಮಗ್ಗಿಗೆ ತಾಗಬಾರದಾದ್ದರಿಂದ 40 ಮಾತ್ರ ಕೂರುತ್ತವೆ, ತಲಾ 37.50. ಗ್ಲೇಜ್ 10. ಎಳೆಯುವುದು, ಟ್ರಿಮ್ಮಿಂಗ್ (ತಳ ಕೆತ್ತಿ ನಯ ಮಾಡುವುದು), ಹಿಡಿ, ಗ್ಲೇಜ್ ಎಲ್ಲ ಸೇರಿ 40 ನಿಮಿಷ, 100 ರೂಪಾಯಿ. ಅಲ್ಲಿಗೆ ಹತ್ತಿರ ಹತ್ತಿರ 180. ನೂರಕ್ಕೆ ಹದಿನೈದು ಒಡೆಯುತ್ತವೆ, ಸೀಳುತ್ತವೆ ಎಂದಿಟ್ಟುಕೊಂಡು 180ನ್ನು 0.85ರಿಂದ ಭಾಗಿಸಿದರೆ 212. ಅಂಗಡಿಯ ಪಾಲು 35 ಶೇಕಡಾ ಅಂದರೆ 212ನ್ನು 0.65ರಿಂದ ಭಾಗಿಸಬೇಕು, 326. ಹಲವರು ಇಲ್ಲಿ 212ಕ್ಕೆ 35 ಶೇಕಡಾ ಕೂಡಿಸಿ 286 ಎಂದು ಬರೆದು, ತಿಂಗಳ ಕೊನೆಗೆ ಕೈಗೆ 186 ಮಾತ್ರ ಬಂದಾಗ ಅಂಗಡಿಯವರನ್ನು ಬೈಯುತ್ತಾರೆ. ಪಾಲು ಮಾರಾಟದ ಬೆಲೆಯ ಮೇಲೆ, ಅಸಲಿನ ಮೇಲಲ್ಲ.

ಅಸಲಿನಲ್ಲಿ ಅತಿ ದೊಡ್ಡ ಭಾಗ ಕೂಲಿ. ಹವ್ಯಾಸಕ್ಕೆಂದು ಬರುವ, ಬೇರೆ ಸಂಬಳ ಇರುವ ಸದಸ್ಯರು ತಮ್ಮ ಕೂಲಿಯನ್ನು ಸೊನ್ನೆ ಎಂದು ಹಿಡಿದು ಅದೇ ಶೆಲ್ಫಿನಲ್ಲಿ 150ಕ್ಕೆ ಮಗ್ಗು ಇಟ್ಟರೆ, ಅದೇ ಹೊಟ್ಟೆಪಾಡಾಗಿರುವ ಪಕ್ಕದವರ ಮಗ್ಗು ಮಾರಾಟವಾಗದು. ಅಂಗಡಿಗೆ ಕನಿಷ್ಠ ಬೆಲೆಯ ಪಟ್ಟಿ ಬೇಕೇ ಬೇಕು. ಸ್ನೇಹ ಕೆಡುವುದು ಗ್ಲೇಜಿಗಿಂತ ಹೆಚ್ಚಾಗಿ ಇಲ್ಲಿ.

ಕಿಲ್ನ್ ಶುಲ್ಕವನ್ನು ತೂಕದ ಮೇಲೆ ಹಾಕಿದರೆ ದೊಡ್ಡ ತೆಳು ತಟ್ಟೆ ಅಗ್ಗವಾಗಿ ಜಾಗ ನುಂಗುತ್ತದೆ. ಜಾಗದ ಮೇಲೆ ಹಾಕಿ. 100 ಲೀಟರ್ ಕಿಲ್ನ್‌ನಲ್ಲಿ ಶೆಲ್ಫ್, ಕಂಬ, ಸಂದು ಕಳೆದು 45 ಲೀಟರ್‌ನಷ್ಟು ಪಾತ್ರೆ ಕೂರುತ್ತದೆ. 1,500ನ್ನು 45ರಿಂದ ಭಾಗಿಸಿದರೆ ಲೀಟರ್‌ಗೆ 33 ರೂಪಾಯಿ. ಹಿಡಿ ಸೇರಿ 12×9×10 ಸೆಂಟಿಮೀಟರ್ ಮಗ್ಗು 1.08 ಲೀಟರ್, 36 ರೂಪಾಯಿ. ಮೂವತ್ತು ದಿನದೊಳಗೆ ಒಯ್ಯದ ಪಾತ್ರೆ ಸ್ಟುಡಿಯೋದ್ದು ಎಂದೂ ಬರೆದಿಡಿ. ಭಾನುವಾರದ ಒಂದು ಹೊತ್ತಿನ ತರಗತಿಗೆ ಬಂದವರಲ್ಲಿ ಬಟ್ಟಲು ಒಯ್ಯಲು ಮರಳದವರು ಕಡಿಮೆಯೇನಿಲ್ಲ, ಶೆಲ್ಫು ಅವರದರಿಂದಲೇ ತುಂಬಿಹೋಗುತ್ತದೆ. ಆ ತರಗತಿಗಳು ಬಾಡಿಗೆ ಕಟ್ಟುತ್ತವೆ, ಒಪ್ಪೋಣ. ಕಂಪನಿಗಳ ತಂಡಗಳು ಬಂದರೆ ಇನ್ನೂ ಹೆಚ್ಚು. ಆದರೆ ತಿಂಗಳಿಗೆ ಎರಡಕ್ಕಿಂತ ಜಾಸ್ತಿ ಒಪ್ಪಿಕೊಂಡರೆ ಕಿಲ್ನ್ ಪೂರ್ತಿ ಅವರ ಆ್ಯಶ್‌ಟ್ರೇಗಳಿಗೇ ಆಗಿ, ಸದಸ್ಯರ ಸರದಿ ಮುಂದಿನ ತಿಂಗಳಿಗೆ ಹೋಗುತ್ತದೆ.

ಮಾರಾಟಕ್ಕಿಟ್ಟ ಪ್ರತಿ ಪಾತ್ರೆಗೂ ಎರಡು ಪ್ರತಿಯ ಚೀಟಿ: ಏನು, ಎಷ್ಟು, ಬೆಲೆ, ದಿನಾಂಕ, ಇಬ್ಬರ ಸಹಿ. ಅಂಗಡಿಯಲ್ಲಿ ಒಡೆದರೆ ನಷ್ಟ ಅಂಗಡಿಯದು. ಲೆಕ್ಕ ಪ್ರತಿ ತಿಂಗಳ ಐದನೇ ತಾರೀಖಿಗೆ. ಮೂರು ತಿಂಗಳು ಕದಲದ ವಸ್ತು ವಾಪಸ್.

ಗೌರಿ ಗಣೇಶ ಮತ್ತು ತಿಗರಿಯವರು

ಅಕ್ಕಪಕ್ಕದ ಬೀದಿಯವರು ಸ್ಟುಡಿಯೋದ ಹೊಸ್ತಿಲು ದಾಟುವುದು ಸಾಮಾನ್ಯವಾಗಿ ಗಣೇಶ ಮಾಡುವ ನೆಪದಲ್ಲಿ. ಪಿಒಪಿ ಮೂರ್ತಿಗಳಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಷೇಧವಿರುವುದರಿಂದ ಮಣ್ಣಿನ ಗಣೇಶನಿಗೆ ಬೇಡಿಕೆ ಇದೆ. ಇದಕ್ಕೆ ಸ್ಟೋನ್‌ವೇರ್ ಮಣ್ಣು ದಂಡ. ಸುಡುವುದೇ ಇಲ್ಲವಲ್ಲ. ಕೆರೆಮಣ್ಣನ್ನೇ ತರಿಸಿ, ಮೇಲೆ ಹೇಳಿದ ಬೇರೆ ಮೇಜಿನ ಮೇಲೆ ಕೂರಿಸಿ. ಎಂಟು ಇಂಚಿನ ಮೂರ್ತಿಗೆ ಎರಡು ಕೆಜಿ ಸಾಕು. ಹೊಟ್ಟೆಯನ್ನು ಅಡಿಯಿಂದ ಟೊಳ್ಳು ಮಾಡಿದರೆ ಬಿರುಕು ಕಡಿಮೆ, ಬಕೆಟ್ಟಿನಲ್ಲಿ ಬೇಗ ಕರಗುತ್ತದೆ. ಸೊಂಡಿಲು, ಕಿವಿ ತೆಳ್ಳಗಿದ್ದು ಮೊದಲೇ ಒಣಗಿ ಉದುರುವುದರಿಂದ ಅವಕ್ಕೆ ಮಾತ್ರ ಒದ್ದೆ ಬಟ್ಟೆ ಹೊದಿಸಿಡಿ. ಹಬ್ಬಕ್ಕೆ ಹತ್ತು ದಿನ ಮುಂಚೆ ತರಗತಿ ಇಟ್ಟುಕೊಳ್ಳಿ. ಹಿಂದಿನ ವಾರ ಮಳೆ ಹಿಡಿದರೆ ಬಣ್ಣ ಹಿಡಿಯುವಷ್ಟು ಒಣಗದು.

ಈ ತರಗತಿಗೆ ಕುಂಬಾರರ ಮನೆತನದವರನ್ನೇ ಕರೆಯುವುದು ಒಳ್ಳೆಯದು. ಬೆಂಗಳೂರಿನಲ್ಲಿ ಪಾಟರಿ ಟೌನ್ ಇದೆ. ಬೇರೆ ಊರುಗಳಲ್ಲೂ ಹುಡುಕಿದರೆ ತಿಗರಿ ತಿರುಗಿಸುವ ಮನೆ ಸಿಗುತ್ತದೆ. ಅವರನ್ನು ‘ಪ್ರಾತ್ಯಕ್ಷಿಕೆ’ಗೆ ಕರೆಸಿ ಶಾಲು ಹೊದಿಸಿ ಕಳಿಸುವ ಚಾಳಿ ಬಿಡಬೇಕು. ಸ್ಟುಡಿಯೋದಲ್ಲಿ ಪಾಠ ಮಾಡುವ ಬೇರೆಯವರಿಗೆ ಗಂಟೆಗೆ ಎಷ್ಟೋ ಅವರಿಗೂ ಅಷ್ಟೇ, ಅದೂ ಅಂದೇ ಸಂಜೆ. ನಲವತ್ತು ಹಣತೆಯನ್ನು ಒಂದೇ ಗುಡ್ಡೆ ಮಣ್ಣಿನ ತುದಿಯಿಂದ ದಾರ ಹಾಕಿ ಕತ್ತರಿಸಿ ತೆಗೆಯುವ ವಿದ್ಯೆ ಸ್ಟುಡಿಯೋದಲ್ಲಿ ಕಲಿತವರಿಗೆ ಸುಲಭಕ್ಕೆ ಬರುವುದಿಲ್ಲ. ಪ್ರತಿ ಸಲ ಮಣ್ಣನ್ನು ನಡುವಿಗೆ ತರುವ ಸಮಯ ಉಳಿಯುವುದರಿಂದ ಬಟ್ಟಲು ಮಾಡುವವರಿಗೂ ಅದು ಲಾಭ. ಆ ಕುಂಬಾರರಿಗೆ ಸ್ಟುಡಿಯೋದಿಂದ ದಕ್ಕಬಹುದಾದದ್ದು ಗ್ಲೇಜಿನ ತಿಳಿವಳಿಕೆ, ಮತ್ತೆ ಅರ್ಜಿ ತುಂಬಲು ಒಂದು ಕೈ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಇದೆ. ತರಬೇತಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000, ಮೊದಲ ಕಂತಿನಲ್ಲಿ ಒಂದು ಲಕ್ಷದವರೆಗೆ 5 ಶೇಕಡಾ ಬಡ್ಡಿಯ ಸಾಲ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇದೆ. ಸ್ಟುಡಿಯೋ ಪಾಟರಿಯನ್ನೇ ಆಳವಾಗಿ ಕಲಿಯಬೇಕೆನ್ನುವವರು ನೋಡಿ ಬರಬೇಕಾದದ್ದು ಪುದುಚೇರಿ. ಅಲ್ಲಿ 1971ರಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ ಕಟ್ಟಿದ ಗೋಲ್ಡನ್ ಬ್ರಿಡ್ಜ್ ಪಾಟರಿಯಿಂದ ದೇಶದ ಎಷ್ಟೋ ಸ್ಟುಡಿಯೋ ಕುಂಬಾರರು ತಯಾರಾಗಿದ್ದಾರೆ.

ಕಳಿಸುವಾಗ

ಪಾರ್ಸೆಲ್‌ಗೆ ಒಂದೇ ಡಬ್ಬಿ ಸಾಲದು. ಮಗ್ಗಿನ ಒಳಗೆ ಕಾಗದ ತುರುಕಿ, ಹಿಡಿಯ ಸಂದಿಗೂ ಉಂಡೆ ಮಾಡಿದ ಕಾಗದ ಇಟ್ಟು, ಬಬಲ್ ಸುತ್ತಿ ಸಣ್ಣ ಡಬ್ಬಿಗೆ ಹಾಕಿ. ಅದನ್ನು ಸುತ್ತಲೂ ಎರಡು ಇಂಚು ಮೆತ್ತೆ ಇರುವ ದೊಡ್ಡ ಡಬ್ಬಿಯೊಳಗೆ ಕೂರಿಸಿ. ತಟ್ಟೆಗಳನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ. ಮುಚ್ಚಿದ ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಏನಾದರೂ ಸದ್ದಾದರೆ ಬಿಚ್ಚಿ ಮತ್ತೆ ಕಟ್ಟಿ. ‘ಗ್ಲಾಸ್, ಜೋಪಾನ’ ಎಂದು ಬರೆದದ್ದನ್ನು ಯಾರೂ ಓದುವುದಿಲ್ಲ. ಸೊಂಟದೆತ್ತರದಿಂದ ಬೀಳಿಸಿದರೂ ತಾಳುವಂತೆ ಕಟ್ಟಿ, ಮೊದಲ ಸಲ ಒಂದು ಸೆಕೆಂಡ್ಸ್ (ಸಣ್ಣ ದೋಷವಿರುವ) ಮಗ್ಗನ್ನು ಹಾಗೆಯೇ ಬೀಳಿಸಿ ನೋಡಿ.